ಮುರಿದ ಮುಖ

ಗೋಣಿಯಲ್ಲಿ ಸುತ್ತಿ ತಂದಿದ್ದರು, ಮುರುಗೇಶಪಾಳ್ಯದ ನಮ್ಮ ಲ್ಯಾಬಿಗೆ,
ಮೊಳದುದ್ದದ ತುಂಡು.
ಗದ್ದೆಯ ಕೆಸರು ಇನ್ನೂ ಹಸಿ, ತೂತಿನಲ್ಲಿ ಸಿಕ್ಕಿಕೊಂಡ
ಒಂದು ಭತ್ತದ ತೆನೆ.
ಚೀಟಿಯಲ್ಲಿ: ಎಡ ಎಂಜಿನ್, ಮೂರನೇ ಅಲಗು, ಬುಡ.
ಸಹಿ ಹಾಕಿ ತೆಗೆದುಕೊಂಡೆ.

ವಿಮಾನ ನನಗಿಂತ ಹನ್ನೊಂದು ವರ್ಷ ದೊಡ್ಡದು.
ಮಾಡಿದ ಕಂಪನಿ ಬಾಗಿಲು ಹಾಕಿ
ಆ ಜಾಗದಲ್ಲಿ ಈಗ ಸೋಫಾ ಮಾರುತ್ತಾರಂತೆ.
ಜೀವಮಾನವಿಡೀ ಹೊತ್ತದ್ದು ಏನೇನೋ: ಹಾಲಿನ ಪುಡಿ, ಸೈನಿಕರು,
ಒಮ್ಮೆ ಸರ್ಕಸ್ಸಿನ ಕುದುರೆ.
ಆ ರಾತ್ರಿ ಪಂಪ್‌ಸೆಟ್ಟು, ಔಷಧಿ, ನಾಲ್ಕು ಜನ.

ಟಿವಿಯಲ್ಲಿ ಮೊದಲ ದಿನವೇ ತೀರ್ಪು: ಪೈಲಟ್‌ನ ತಪ್ಪು.
ಸತ್ತವರಿಗೆ ಹೊರಿಸುವುದು ಅಗ್ಗ,
ಅವರು ತಕರಾರು ಅರ್ಜಿ ಹಾಕುವುದಿಲ್ಲ.

ಲೋಹಕ್ಕೆ ಸುಳ್ಳು ಬರುವುದಿಲ್ಲ ಅನ್ನುತ್ತಿದ್ದರು ನಮ್ಮ ಮೇಷ್ಟ್ರು.
ನಿಜ. ಆದರೆ ಕೇಳಿದಷ್ಟೇ ಹೇಳುತ್ತದೆ.

ತೊಳೆದು ಲೆನ್ಸಿನ ಕೆಳಗಿಟ್ಟೆ.
ಮುರಿದ ಮುಖದ ತುಂಬ ಬಳೆ ಬಳೆ ಗೆರೆ,
ಅರ್ಧ ಹೆಚ್ಚಿದ ಈರುಳ್ಳಿಯ ಹಾಗೆ.
ಹಾರಾಟಕ್ಕೊಂದು. ಏರಿದಾಗ ಒಂದಿಷ್ಟು ಬಿರಿದು
ಇಳಿದಾಗ ಸುಮ್ಮನಾಗಿ.
ಎಣಿಸಿದೆ, ಮೂರು ದಿನ. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ.
ಸಾವಿರದ ಇನ್ನೂರ ಹದಿನಾರು.
ಆಮೇಲೆ ಒರಟು, ಒಂದೇ ಏಟಿಗೆ ಕಿತ್ತದ್ದು,
ಅರ್ಧ ಸೆಕೆಂಡಿನ ಕೆಲಸ.

ಈರುಳ್ಳಿಯ ನಡುವೆ ಸಾಸಿವೆಗಿಂತ ಸಣ್ಣ ಗುಳಿ.
ಯಾವುದೋ ಬಂದರಿನ ಊರಿನಲ್ಲಿ ಮಳೆಗಾಲವೆಲ್ಲ ಹೊರಗೆ ನಿಂತು
ಉಪ್ಪುಗಾಳಿ ಕುಡಿದದ್ದು.
ಅದರ ಮೇಲೆ ಸಮನಾದ ಗೀರು,
ಯಾರೋ ಎಮರಿ ಕಾಗದದಲ್ಲಿ ತಿಕ್ಕಿ ತಿಕ್ಕಿ ನಯ ಮಾಡಿದ ಗುರುತು.
ಗುಳಿಯ ಬಾಯಿ ಮುಚ್ಚಿತ್ತು. ಹೊಟ್ಟೆ ಹಾಗೇ ಇತ್ತು.

ಕಾರ್ಡಿನಲ್ಲಿ ಸೀಲು: ಮೂವತ್ತೆಂಟು.
ಆ ಸೀಲು ನನಗೆ ಗೊತ್ತು.
ಮುನಿತಾಯಪ್ಪ, ಕೋನೇನ ಅಗ್ರಹಾರ,
ನಮ್ಮ ಮನೆಯ ಮಿಕ್ಸಿ ಸರಿಮಾಡಿ ದುಡ್ಡು ಬೇಡವೆಂದವರು.
ರಿಟೈರಾದ ಮೇಲೂ ನೆತ್ತಿಯ ಮೇಲೆ ಸದ್ದು ಹೋದರೆ
ಮಾತು ನಿಲ್ಲಿಸಿ
“ಬಲಗಡೇದು ಒಂಚೂರು ಕೆಮ್ತದೆ” ಅನ್ನುವವರು.

ಭಾನುವಾರ ಹೋದೆ. ಹೋಗಬಾರದು, ನಿಯಮವಿದೆ.
ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಬಸ್ಸು ನಿಂತಾಗಲೆಲ್ಲ
ಇಳಿದುಬಿಡೋಣವೆನಿಸಿತು.

ಅವರೆಕಾಳು ಹಿಸುಕುತ್ತ ಕೂತಿದ್ದರು.
ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತಿತ್ತು.
ನಾನು ಕೇಳಲಿಲ್ಲ. ಅವರೇ,

“ಒರೆಸೋವಾಗ ಬಟ್ಟೆ ನೂಲೊಂದು ಸಿಕ್ಕೊಂಡ್ತು ಕಣಮ್ಮ.
ಬೆರಳಿಗೆ ಏನೂ ಸಿಗ್ಲಿಲ್ಲ. ಬ್ಯಾಟರಿ ಬಿಟ್ಟು ನೋಡಿದೆ, ಕಾಣ್ಲಿಲ್ಲ.
ಸಾಹೇಬ್ರಿಗೆ ಹೇಳ್ದೆ. ಬದಲಿ ಎಲ್ಲಿಂದ ತರಾಣ,
ಪುಸ್ತಕದಲ್ಲಿ ತಿಕ್ಕು ಅಂತ ಐತೆ, ತಿಕ್ಕಪ್ಪ ಅಂದ್ರು.
ತಿಕ್ದೆ. ಕನ್ನಡಿ ಹಂಗೆ ಮಾಡ್ದೆ.
ಎಷ್ಟು ಚೆಂದ ಬಂತು ಅಂತ ಅವತ್ತು ಖುಷಿ ಪಟ್ಟೆ ನೋಡು,
ಅದು…”

ಬೇಳೆಯೊಂದು ಪಾತ್ರೆ ತಪ್ಪಿ ನೆಲಕ್ಕೆ ಬಿತ್ತು.
ಎತ್ತಿಕೊಂಡು ಊದಿ, ಬೆರಳಲ್ಲಿ ಸುತ್ತ ತಡವಿ ನೋಡಿ
ಒಳಗೆ ಹಾಕಿದರು.

ವರದಿಯಲ್ಲಿ ಬರೆದೆ:
ಗುಳಿ, ಆಳ ಇಷ್ಟು. ಗೀರು. ಗೆರೆ ಇಷ್ಟು.
ಆಯುಷ್ಯ ಮುಂದೂಡಿದ ಆದೇಶ ಮೂರು, ದಿನಾಂಕ ಸಹಿತ.
ನನ್ನ ವಿಭಾಗವಲ್ಲ, ಆದರೂ ಬರೆದೆ:
ಪೈಲಟ್ ಬಲಗಾಲಿನ ಪೆಡಲನ್ನು ಕೊನೆಯವರೆಗೂ ಒತ್ತಿ ಹಿಡಿದಿದ್ದ.
ಬೂಟಿನ ಅಟ್ಟೆಯಲ್ಲಿ ಪೆಡಲಿನ ಅಚ್ಚು ಬಿದ್ದಿದೆ.

ನೂಲಿಗೆ ಕಾಲಂ ಇರಲಿಲ್ಲ.
ಕೊನೆಯಲ್ಲಿ ಷರಾ ಎಂದು ಎರಡು ಬೆರಳು ಖಾಲಿ ಜಾಗ.
ಕಾಫಿ ಆರುವವರೆಗೆ ಪೆನ್ನು ಹಿಡಿದು ಕೂತು ಬರೆದೆ:
ಇನ್ನು ಮುಂದೆ ಅಲಗಿನ ಬುಡವನ್ನು ಹತ್ತಿಬಟ್ಟೆಯಿಂದ ಒರೆಸತಕ್ಕದ್ದು,
ನೂಲು ಸಿಕ್ಕಿದರೆ
ನಿಲ್ಲಿಸತಕ್ಕದ್ದು.

ಮೇಲಿನವರು ಕೆಂಪು ಶಾಯಿಯಲ್ಲಿ ಹೊಡೆದು ವಾಪಸು ಕಳಿಸಿದರು:
ಇದು ತಾಂತ್ರಿಕ ಭಾಷೆಯಲ್ಲ.

ಮತ್ತೆ ಬರೆದೆ.